ಶರಣಬಸಮ್ಮನ ತೊಗರಿ

ನಮ್ಮ ಸೋದರತ್ತೆ ಶರಣಬಸಮ್ಮ ವಿಜ್ಞಾನಿ ಎಂದರೆ ನಮ್ಮ ಮನೆಯಲ್ಲಿ ಈಗಲೂ ಕೆಲವರು ಮುಸಿಮುಸಿ ನಗುತ್ತಾರೆ. ನಗಲಿ. ನಾನಂತೂ ಹೇಳುವುದನ್ನು ಬಿಡುವವಳಲ್ಲ.

ನಿಜಾಮರ ಕಾಲ. ಸೇಡಂ ಹತ್ತಿರದ ಮುಧೋಳದಲ್ಲಿ ಅವಳ ಸಂಸಾರ. ಒಂದು ವರ್ಷ ಹೂವಿಗೆ ಬಂದಿದ್ದ ತೊಗರಿ ನೆಟೆ ರೋಗ ಬಡಿದು ನಿಂತಲ್ಲೇ ಒಣಗಿತು. ಊರೆಲ್ಲ ತಲೆಯ ಮೇಲೆ ಕೈಹೊತ್ತು ಕೂತಾಗ ಅತ್ತೆ ಹೊಲ ಸುತ್ತಿ, ಅಲ್ಲೊಂದು ಇಲ್ಲೊಂದು ಹಸಿರಾಗಿ ಉಳಿದಿದ್ದ ಗಿಡಗಳಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿದಳು. ಅವುಗಳ ಕಾಳಿಗೆ ಬೂದಿ ಬೆರೆಸಿ ಬೇರೆ ಮಡಕೆಯಲ್ಲಿಟ್ಟು, ಮರುವರ್ಷ ರೋಗ ಜೋರಾಗಿದ್ದ ಮೂಲೆಯಲ್ಲೇ ಒಂದಿಷ್ಟು ಬಿತ್ತಿದಳು. ಹೋಲಿಸಿ ನೋಡಲು ಪಕ್ಕದಲ್ಲಿ ಹಳೆ ಬೀಜದ ಸಾಲು. ಈ ಸಲವೂ ಒಣಗದೆ ಉಳಿದ ಗಿಡಗಳಿಗೆ ಮತ್ತೆ ದಾರ.

ದಾರ ಕಂಡ ಊರ ಹೆಂಗಸರು ಇದು ಹರಕೆ ಎಂದುಕೊಂಡರು! ತಾವೂ ಬಂದು ಕಂಡಕಂಡ ಗಿಡಕ್ಕೆಲ್ಲ ದಾರ ಸುತ್ತಿ, ಕುಂಕುಮ ಹಚ್ಚಿ, ಕೈಮುಗಿದು ಹೋದರು. ಯಾವುದು ಗುರುತಿನ ದಾರ, ಯಾವುದು ಹರಕೆಯದು ಎಂದು ತಿಳಿಯದೆ ಅತ್ತೆಯ ಒಂದು ವರ್ಷದ ಕೆಲಸ ಮಣ್ಣುಪಾಲು. ಅವಳು ಮಡಕೆಯ ತಳದಲ್ಲಿ ಉಳಿದಿದ್ದ ಕಾಳಿನಿಂದ ಮತ್ತೆ ಶುರು ಮಾಡಿದಳು. ಈ ಸಲ ನೆರೆಮನೆಯ ಚಾಂದಬೀ ಬದುವಿನ ಮೇಲೆ ಕಾವಲು ಕೂತಳು.

"ದಾರ ಕಟ್ಟಬ್ಯಾಡ್ರಿ! ಇದು ಹರಕಿ ಅಲ್ರಿ, ಪರೀಕ್ಷಾ ಅದ!"

ವರ್ಷಗಳು ಕಳೆದವು. ಹಳೆ ಸಾಲು ಒಣಗಿದರೂ ಅತ್ತೆಯ ಸಾಲು ಕಾಯಿ ಹೊತ್ತು ನಿಲ್ಲತೊಡಗಿತು. ಬೀಜ ಚಿಂಚೋಳಿವರೆಗೂ ಹೋಯಿತು. ಹೆಸರು ಮಾತ್ರ 'ನಾಗೇಂದ್ರಪ್ಪನ ತೊಗರಿ'. ನಾಗೇಂದ್ರಪ್ಪ ಎಂದರೆ ಅತ್ತೆಯ ಗಂಡ, ನಮ್ಮ ಮಾವ. ನನಗೆ ಇವತ್ತಿಗೂ ಮೈ ಉರಿಯುತ್ತದೆ.

"ಹಡದಾಕಿ ನಾ, ಹೆಸರು ಅವರದು," ಎಂದು ಅತ್ತೆ ಚಾಂದಬೀ ಮುಂದೆ ಅತ್ತಿದ್ದಳಂತೆ. ಮಾವ ಅದನ್ನು ಬಾಗಿಲಾಚೆಯಿಂದ ಕೇಳಿಸಿಕೊಂಡಿದ್ದರು.

ಮುಂದೆ ಚಿತ್ತಾಪುರದಲ್ಲಿ ಬೆಳೆ ಪ್ರದರ್ಶನ ನಡೆಯಿತು. ಇಬ್ಬರೂ ಹೋದರು. ಅಧಿಕಾರಿಯೊಬ್ಬರು ಕಾಳನ್ನು ಅಂಗೈಯಲ್ಲಿ ಹಿಡಿದು, "ಈ ಬೀಜ ತಯಾರ ಮಾಡಿದವರು ಯಾರ್ರಿ?" ಎಂದರು.

"ನಮ್ಮ ಮನ್ಯಾಗಿನಾಕಿ," ಎಂದರು ಮಾವ.

"ಹೆಸರು?"

ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಮದುವೆಯಲ್ಲಿ ಹಾಡಿನಂಥ ಒಡಪು ಕಟ್ಟಿ, ಅದರೊಳಗೆ ಸೇರಿಸಿ ಹೇಳಿದ್ದೇ ಕೊನೆ. ಸುತ್ತಲೂ ಅಷ್ಟು ಜನ. ಮಾವ ರುಮಾಲು ಸರಿಮಾಡಿಕೊಂಡು, ಮದುಮಗನ ಹಾಗೆ ನೆಟ್ಟಗೆ ನಿಂತರು.

"ನೆಟೆ ಬಡಿದ ಹೊಲದಾಗ ಹಸರ ಹುಡುಕಿದಾಕಿ,
ನನ್ನ ಹೆಸರಿನ ತೊಗರಿ ಖರೇ ಹಡದಾಕಿ,
ಶರಣಬಸಮ್ಮ!"

ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಲೇ ಅತ್ತಳು.

ಮರು ಮುಂಗಾರಿಗೆ ಚಿಂಚೋಳಿ ಕಡೆಯ ರೈತನೊಬ್ಬ ಅಂಗಳದಲ್ಲಿ ನಿಂತು, "ಶರಣಬಸಮ್ಮನ ತೊಗರಿ ಅದಾವೇನ್ರಿ?" ಎಂದು ಕೇಳಿದ.

ಮಾವ ಒಳಗೆ ತಿರುಗಿ, ಒಡಪಿನ ಗೊಡವೆಯೇ ಇಲ್ಲದೆ ಕೂಗಿದರು:

"ಶರಣಬಸಮ್ಮಾ, ನಿನ್ನ ಬೀಜ ಕೇಳಲಿಕತ್ತಾರ ನೋಡು!"