ದಿ ಹಾಟ್ ಪ್ಲೇಟ್ಸ್‌ನ ಕೊನೆಯ ನಿಮಿಷ

ನನ್ನ ಹಳೆಯ ಗಿಟಾರಿನ ಹೊಟ್ಟೆಗೆ ಮೂಗು ಹಚ್ಚಿದರೆ ಇಂದಿಗೂ ಇಂಗಿನ ವಾಸನೆ ಬರುತ್ತದೆ. ನಂಬಿಕೆ ಬಾರದಿದ್ದರೆ ಒಮ್ಮೆ ಮನೆಗೆ ಬನ್ನಿ, ಕಾಫಿ ಕೊಟ್ಟು ಮೂಸಿಸುತ್ತೇನೆ. ಎಪ್ಪತ್ತರ ದಶಕದಲ್ಲಿ ಅದು ಮಲಗುತ್ತಿದ್ದುದು ಮುಂಬಯಿಯ ಘಾಟ್ಕೋಪರಿನಲ್ಲಿದ್ದ ನಮ್ಮ ಮಾವನ ಹೋಟೆಲಿನ ಉಗ್ರಾಣದಲ್ಲಿ, ಮಸಾಲೆ ಡಬ್ಬಿಗಳ ಮಗ್ಗುಲಲ್ಲಿ. ನಾನಲ್ಲಿ ಸಪ್ಲೈಯರ್, ಉಡುಪಿಯ ಸಂಜೀವ ದೋಸೆ ಹೊಯ್ಯುವವನು, ಬಿಜಾಪುರದ ಕಡೆಯ ಮಹಬೂಬ ಪಕ್ಕದ ಅಂಗಡಿಯ ಟೈಲರ್. ನಾನು ಗಿಟಾರು, ಸಂಜೀವ ಬೇಸ್, ಮಹಬೂಬ ಡ್ರಮ್ಸ್ ಹಿಡಿದರೆ ಅದೇ ‘ದಿ ಹಾಟ್ ಪ್ಲೇಟ್ಸ್’. ನುಡಿಸುತ್ತಿದ್ದುದು ಫಂಕ್: ರಾಗ ಮೂಲೆಯಲ್ಲಿ ಕೈಕಟ್ಟಿ ನಿಂತು ತಾಳವೇ ಯಜಮಾನಿಕೆ ನಡೆಸುವ, ಕೂತವರ ಕಾಲನ್ನು ಹೇಳದೆ ಕೇಳದೆ ಕುಣಿಸುವ ಸಂಗೀತ. ಹಾಡು ಮಾತ್ರ ಅಚ್ಚ ಕನ್ನಡದ್ದು.

ಹೋಟೆಲು ಬಾಗಿಲೆಳೆದುಕೊಳ್ಳುವ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನಮ್ಮ ತಾಲೀಮು. ನಾಲ್ಕಕ್ಕೆ ಸರಿಯಾಗಿ ಮಾವ ಮೇಜಿನ ಮೇಲಿನ ಬೆಲ್ ಬಾರಿಸುತ್ತಿದ್ದರು. ಹಾಡು ಎಲ್ಲಿದೆಯೋ ಅಲ್ಲೇ ಬಿಟ್ಟು ನಾನೂ ಸಂಜೀವನೂ ಸಂಜೆಯ ಗಿರಾಕಿಗಳಿಗೆ ಸಜ್ಜಾಗಬೇಕು. ಮಾವನ ಆಳಲ್ಲದ ಮಹಬೂಬ ಮಾತ್ರ ಮನಸ್ಸು ತಣಿಯುವವರೆಗೆ ಬಾರಿಸಿಯೇ ಏಳುತ್ತಿದ್ದ. ಮೂರು ವರ್ಷ ಹೀಗೇ ಕಳೆಯಿತು.

ಅಷ್ಟರಲ್ಲಿ ಮಹಬೂಬನ ಅಣ್ಣ ಊರಿನ ಅಂಗಡಿಗೆ ವಾಪಸು ಬಾ ಎಂದು ಪತ್ರದ ಮೇಲೆ ಪತ್ರ ಬರೆಯತೊಡಗಿದ. ಡ್ರಮ್ಸಿನಿಂದ ಹೊಟ್ಟೆ ತುಂಬುತ್ತದೆಂದು ತೋರಿಸಿದರೆ ಮಾತ್ರ ಮುಂಬಯಿ, ಇಲ್ಲವಾದರೆ ಬಿಜಾಪುರ. ಮಹಬೂಬ ಉಳಿದ ಆಸೆಯನ್ನೆಲ್ಲ ವಿಲೆ ಪಾರ್ಲೆಯ ಕಾಲೇಜೊಂದರ ಸ್ಪರ್ಧೆಯ ಮೇಲೆ ಇಟ್ಟ.

ಅಂದು ನಾವು ಚೆನ್ನಾಗಿಯೇ ನುಡಿಸಿದೆವು. ಒಂದೇ ನಿಮಿಷ ಉಳಿದಿದೆಯೆಂದು ತೀರ್ಪುಗಾರರು ಬೆಲ್ ಒತ್ತಿದರು ನೋಡಿ, ನನ್ನ ಕೈ ತಂತಿಯ ಮೇಲೆ ಸತ್ತು ಬಿತ್ತು! ಸಂಜೀವ ಬೇಸ್ ಕೆಳಗಿಟ್ಟು ಸೊಂಟದಲ್ಲಿ ಕೈ ಒರೆಸುವ ಚೌಕ ಹುಡುಕುತ್ತಿದ್ದ. ಮಹಬೂಬ ನಮ್ಮತ್ತ ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ, ಆ ಇಡೀ ನಿಮಿಷವನ್ನು ಒಬ್ಬನೇ ಬಾರಿಸಿದ. ಅಂಥದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಬಹುಮಾನ ಬರಲಿಲ್ಲ. ಬೊರಿವಲಿಯ ಆರ್ಕೆಸ್ಟ್ರಾದವರೊಬ್ಬರು ವೇದಿಕೆಯ ಹಿಂದೆ ಬಂದು, ಡ್ರಮ್ಸಿನವನು ನಾಳೆಯಿಂದಲೇ ಬರಲಿ, ಕಾಯಂ ಕೆಲಸ ಎಂದರು. ಕರೆದದ್ದು ಅವನೊಬ್ಬನನ್ನೇ.

ಮಹಬೂಬ ನಮ್ಮ ಮುಖ ನೋಡಿದ. “ನೀವಿಬ್ರೂ ಬರಂಗಿಲ್ಲೇನ್ರೋ?”

ನನಗೆ ಹೊಟ್ಟೆ ಉರಿಯಿತು. ಅವನು ಮುಂಬಯಿಯಲ್ಲೇ ಉಳಿಯುತ್ತಾನಲ್ಲ ಎಂದು ಅದೇ ಹೊಟ್ಟೆ ತಣ್ಣಗೂ ಆಯಿತು. ನಮ್ಮ ಬ್ಯಾಂಡ್ ಮುಗಿಯಿತೆಂದು ಮೂವರಿಗೂ ಗೊತ್ತಾಗಿತ್ತು. ಸಂಜೀವ ಬೇಸನ್ನು ಚೀಲಕ್ಕೆ ಹಾಕುತ್ತ ಹೇಳಿದ:

“ನೀನು ಹೋಗು ಮಾರಾಯ, ನಮಗೆ ಸಂಜೆ ರಷ್ ಉಂಟು.”

ಅಂದು ನಮ್ಮಿಬ್ಬರಿಗೂ ರಜೆ ಇತ್ತು.