ಬೆಟ್ಟವನ್ನು ಕೇಳಿ ನೆಟ್ಟ ಏಲಕ್ಕಿ

ದುಬೈಗೆ ಬಂದ ಮೂರನೆಯ ದಿನ ದೇರಾ ಪೇಟೆಯಲ್ಲಿ ನಾನು ಕೆಲಸಕ್ಕೆ ಸೇರಿದ ಮಸಾಲೆ ಗೋದಾಮಿನಲ್ಲಿ ಒಂದು ಚೀಲ ಬಿಚ್ಚಿದೆ. ಹಾವೇರಿಯ ನಮ್ಮ ಓಣಿಯೇ ಗಮ್ಮೆಂದು ಮೂಗಿಗೆ ಬಡಿಯಿತು. ತಿರುಗಿಸಿ ನೋಡಿದರೆ ಚೀಲದ ಮೇಲೆ ಗ್ವಾಟೆಮಾಲಾ ಎಂದು ಬರೆದಿತ್ತು! ಏಲಕ್ಕಿ ಆರಿಸುವ ಮನೆತನದಲ್ಲಿ ಹುಟ್ಟಿದ ನನಗೆ ಆ ದೇಶ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆ ಅದು. ಅರಬರ ಗಾಹ್ವಾ, ಅಂದರೆ ಕಾಫಿ, ಏಲಕ್ಕಿಯಿಲ್ಲದೆ ಆಗುವುದಿಲ್ಲ. ಅದರ ಬಹುಪಾಲು ಮಧ್ಯ ಅಮೆರಿಕದಿಂದ ಬರುತ್ತದೆಂದು ತಿಳಿದು ನನ್ನ ಜಂಬವೆಲ್ಲ ಇಳಿಯಿತು.

ಅಲ್ ಕುಸೈಸ್ ಬಡಾವಣೆಯ ಒಂದೇ ಕೋಣೆಯಲ್ಲಿ ಆರು ಜನ ಇದ್ದೆವು. ಜೋಳದ ರೊಟ್ಟಿಗೆ ಹಂಬಲಿಸುತ್ತ ಅಂಗಡಿಯ ಖುಬ್ಬೂಸ್ ರೊಟ್ಟಿ ಹರಿದು ತಿನ್ನುತ್ತಿದ್ದೆ.

ಮರುವರ್ಷ ಆ ಚೀಲಗಳ ಊರಿನವನೇ ಬಂದ. ಹೆಸರು ದೋಮಿಂಗೊ, ಕೆಕ್ಚಿ ಎಂಬ ಮಾಯಾ ಜನಾಂಗದವನು. ಅವನೂರಿನ ಬೆಳೆಗಾರರು ಏಲಕ್ಕಿ ಮಾದರಿ ಕೊಟ್ಟು ಕಳಿಸಿದ್ದರು. ದಿನಾ ಬೆಳಿಗ್ಗೆ ನನ್ನನ್ನು ಕಂಡೊಡನೆ, "ಮಾ ಸಾ ಲಾ ಚೋಲ್?" ಎನ್ನುತ್ತಿದ್ದ. ಮಸಾಲೆ ಕೇಳುತ್ತಿದ್ದಾನೆಂದು ನಾನು ಒಂದು ದಿನ ಲವಂಗ, ಇನ್ನೊಂದು ದಿನ ದಾಲ್ಚಿನ್ನಿ ತಂದು ಮುಂದಿಟ್ಟೆ. ಪಾಪ, ಮರ್ಯಾದೆಗೆ ಮೂಸಿ ನೋಡಿ ವಾಪಸ್ಸು ಕೊಡುತ್ತಿದ್ದ. ನಾಲ್ಕನೆಯ ದಿನ ನಗು ತಡೆಯಲಾರದೆ, ಎದೆ ಮುಟ್ಟಿಕೊಂಡು, ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಅದು ಅವರ ನಮಸ್ಕಾರ: ನಿನ್ನ ಎದೆ ಹಿತವಾಗಿದೆಯೇ? ನಾವು "ಆರಾಮ ಅದೀರೇನ್ರಿ" ಎಂದು ಕೇಳಿ ಮುಂದೆ ಹೋಗುವವರು.

ಅವನ ಅಜ್ಜಂದಿರ ಭೂಮಿಯನ್ನು ಕಾಫಿ ತೋಟದ ಪರದೇಶದ ಧಣಿಗಳು ಕಿತ್ತುಕೊಂಡು, ಅವರನ್ನೇ ಅಲ್ಲಿ ಆಳು ಮಾಡಿಕೊಂಡರಂತೆ. ಅಂತರ್ಯುದ್ಧದಲ್ಲಿ ಸೈನಿಕರು ಊರು ಸುಟ್ಟಾಗ ಅವನ ತಾಯಿ ಮಕ್ಕಳನ್ನು ಕಾಡಿಗೆ ಒಯ್ದು ಗೆಡ್ಡೆ ತಿನ್ನಿಸಿ ಉಳಿಸಿದಳಂತೆ. ಇಷ್ಟಾದರೂ ಅವರು ಭಾಷೆ ಬಿಟ್ಟಿಲ್ಲ, ಕೈಯಲ್ಲಿ ತಟ್ಟುವ ಮೆಕ್ಕೆಜೋಳದ ರೊಟ್ಟಿ ಬಿಟ್ಟಿಲ್ಲ. ಭಾನುವಾರ ಚರ್ಚಿಗೆ ಹೋಗುತ್ತಾರೆ. ಬಿತ್ತುವ ಮುಂಚೆ ಬೆಟ್ಟಕಣಿವೆಗಳ ಒಡೆಯ ತ್ಸೂಲ್‌ತಾಕಾನಿಗೆ ಧೂಪ ಹಾಕಿ ಅಪ್ಪಣೆ ಬೇಡುತ್ತಾರೆ.

"ಏಲಕ್ಕಿಗೂ ಕೇಳ್ತೀರೇನು? ಅದು ನಮ್ಮ ದೇಶದ ಗಿಡ," ಎಂದು ಕೆಣಕಿದೆ.

"ಹೊರಗಿನಿಂದ ಬಂದದ್ದಕ್ಕೇ ಹೆಚ್ಚು ಕೇಳಬೇಕು," ಎಂದ. ಆ ಜನರ ಮೇಲೆ ನನಗೆ ಅಪಾರ ಗೌರವ ಹುಟ್ಟಿತು.

ಅಷ್ಟರಲ್ಲಿ ಒಂದು ದೊಡ್ಡ ಕಾಫಿ ಅಂಗಡಿಗೆ ವರ್ಷವಿಡೀ ಏಲಕ್ಕಿ ಒದಗಿಸುವ ಕೆಲಸ ಬಂತು. ಒಂದು ಕಡೆ ದೋಮಿಂಗೊನ ಮಾದರಿ, ಇನ್ನೊಂದು ಕಡೆ ಹಾವೇರಿಯಿಂದ ನನ್ನ ಅಣ್ಣ ಕಳಿಸಿದ್ದು. ಅಣ್ಣನಿಗೆ ಇದು ತಪ್ಪಿದರೆ ನಮ್ಮ ಓಣಿಯ ಆರಿಸುವ ಹೆಂಗಸರು ಕೆಲಸವಿಲ್ಲದೆ ಕೂರಬೇಕು. ನಮ್ಮ ಗೋದಾಮಿನ ಒಡೆಯರಾದ ಭಟ್ಕಳದ ಸಾಹೇಬರು, "ಏಲಕ್ಕಿ ನಿಂಗೆ ಗೊತ್ತುಂಟಲ್ಲ ಮಾರಾಯಾ. ನೀನು ಹೇಳಿದ್ದೇ ಆಯ್ತು, ಖಲಾಸ್," ಎಂದುಬಿಟ್ಟರು.

ಅಣ್ಣನ ಚೀಲದ ತಳದಿಂದ ಕಾಯಿ ತೆಗೆದು ಸುಲಿದೆ. ಬೀಜ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಹೋದ ವರ್ಷದ ಮಾಲು ಬೆರೆಸಿದ್ದ. ದೋಮಿಂಗೊನ ಕಾಯಿಯ ಬೀಜ ಕಪ್ಪಗೆ, ಅಂಟಂಟಾಗಿ, ಹೊಸ ಫಸಲೆಂದು ಹೇಳುವಂತಿತ್ತು. ಓಣಿಯ ಹೆಂಗಸರು ನೆನಪಾದರು. ಆದರೂ ದೋಮಿಂಗೊನ ಚೀಲದ ಮೇಲೇ ಕೈಯಿಟ್ಟೆ.

ಶುಕ್ರವಾರ ಊರಿಗೆ ಫೋನ್ ಮಾಡಿದೆ. "ಅಣ್ಣಾ, ಈ ಸಲ ನಿಮ್ಮ ಮಾಲು ನಮಗ ಹಿಡಸಲಿಲ್ಲೋ."

ಅವನು ಬೈಯಲಿಲ್ಲ. "ಹಳೇ ಕಾಯಿ ಬೆರಸಿದ್ದು ನನ್ನ ತಪ್ಪು, ಒಪ್ಪಿದೆ," ಎಂದ. "ಆದ್ರ ತಮ್ಮಾ, 'ನಿಮ್ಮ ಮಾಲು' ಅಂದ್ಯಲ್ಲ... ಯಾವಾಗಿಂದ?"