ಅಕ್ಕನ ಆರು ರಾಟೆಗಳು

ಹಾಯಿದೋಣಿ ತಿರುಗುವಾಗ ತಲೆ ಬಗ್ಗಿಸಬೇಕೆಂದು ಅಕ್ಕ ನನಗೆ ಇಪ್ಪತ್ತು ಸಲವಾದರೂ ಹೇಳಿದ್ದಳು. ಬಗ್ಗಿಸಿದೆ. ಕಾಲಿಗೆ ಸುತ್ತಿಕೊಂಡ ಹಗ್ಗವನ್ನೂ ನೋಡಿಕೋ ಎಂದು ಮಾತ್ರ ಹೇಳಿರಲಿಲ್ಲ. ಹಾಗಾಗಿ ಕ್ಲಬ್ಬಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಹದಿನೈದು ಜನರೆದುರು ನನ್ನ ತೊಂಬತ್ತು ಕಿಲೋ ಸಮೇತ ನೀರಿಗೆ ಬಿದ್ದೆ. ಕನ್ನಡಕ ನನಗಿಂತ ಮೊದಲೇ ತಳ ಸೇರಿತು.

ಕೈಕೊಟ್ಟು ಎತ್ತಿದವನು ಅಕ್ಕನ ಮೈದುನ, ಕ್ಲಬ್ಬಿನ ಕಾರ್ಯದರ್ಶಿ. “ಪೆಟ್ಟಾಯ್ತಾ?” ಎಂದು ಕೇಳಿದನಾದರೂ ಅವನ ಕಣ್ಣು ನನ್ನ ತಲೆಯ ಮೇಲಿಂದ ಹಾದು ದೋಣಿಯ ಹಗ್ಗ ಓಡುವ ರಾಟೆಗಳಲ್ಲಿ ನೆಟ್ಟಿತ್ತು. ತುಟಿ ಅಲ್ಲಾಡುತ್ತಿತ್ತು.

ಶೆಡ್ಡಿಗೆ ಬಂದು ಬನಿಯನ್ ಹಿಂಡುತ್ತಿದ್ದಾಗ ಅಕ್ಕ ಕೇಳಿದ್ದೂ ಪೆಟ್ಟಿನ ವಿಷಯವಲ್ಲ. “ರಾಟೆ ಎಣಿಸಿದನಾ?”

“ಎಣಿಸಿದ ಹಾಗಿತ್ತು.”

“ಹಾಗಾದ್ರೆ ನೀನು ಬಿದ್ದಿದ್ದು ಸಾರ್ಥಕ ಬಿಡು.”

ಆ ಶೆಡ್ಡಿನಲ್ಲಿ ಅಕ್ಕ ಇಪ್ಪತ್ತಾರು ವರ್ಷದಿಂದ ಹರಿದ ಹಾಯಿಗಳನ್ನು ಹೊಲಿಯುತ್ತಿದ್ದಾಳೆ. ಮೊಣಕಾಲಿಗೆ ಹಳೆ ದಿಂಬು ಕಟ್ಟಿಕೊಂಡು, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಯಾರನ್ನು ಬೇಕಾದರೂ ಬೈಯಬಲ್ಲಳು. ಒಂದು ಸೂಜಿಯೂ ಕೆಳಗೆ ಬೀಳುವುದಿಲ್ಲ.

ಮೂರು ವರ್ಷದ ಹಿಂದೆ ಆಕೆ ತನ್ನ ಪುಟ್ಟ ದೋಣಿಯಲ್ಲಿ, ಹಾಯಿಯನ್ನು ಎಳೆದು ಬಿಡುವ ಹಗ್ಗವನ್ನು ಹೊಸ ರೀತಿಯಲ್ಲಿ ಕಟ್ಟಿದ್ದಳು. ಎರಡೇ ದಿನದಲ್ಲಿ ಅದೇ ಕಟ್ಟು ಮೈದುನನ ದೋಣಿಯಲ್ಲೂ ಕಾಣಿಸಿತು. ಆ ವರ್ಷ ಕ್ಲಬ್ಬಿನ ಸ್ಪರ್ಧೆಯ ಕಪ್ಪು ಅವನದಾಯಿತು. ಬಹುಮಾನದ ದಿನ ಮೈಕು ಹಿಡಿದು, “ನಮ್ಮತ್ತಿಗೆ ಹೊಲಿಗೇಲಿ ಎತ್ತಿದ ಕೈ. ಹಗ್ಗದ ಹಿಂದಿರೋ ತಲೆ ಮಾತ್ರ ನಂದು” ಅಂದ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಕ್ಕ ಅದನ್ನೂ ಮರೆತಿಲ್ಲ. ದೋಣಿಯಲ್ಲಿ ನನ್ನನ್ನು ಕೂರಿಸಿಕೊಂಡಿದ್ದು ಪ್ರೀತಿಗಲ್ಲ, ಶಿಕ್ಷೆಗೆ ಎಂದೇ ನನ್ನ ಅನುಮಾನ.

ಅವಳಿಗೆ ಕಪ್ಪು ಬೇಡ. ಅವನು ತಾನು ಕದ್ದ ಕಟ್ಟಿನಿಂದಲೇ, ಅದೇ ಹದಿನೈದು ಜನರೆದುರು ಸೋಲಬೇಕು.

ಈ ಸಲ ಹಗ್ಗ ಕಟ್ಟಲು ಎರಡು ದಾರಿಯಿತ್ತು. ಹಾಯಿಯ ಕೆಳಗಿನ ಅಡ್ಡಗೋಲಿನ ತುದಿಯಿಂದ ದೋಣಿಯ ಹಿಂಬದಿಗೆ ಎರಡೇ ರಾಟೆಯಲ್ಲಿ ಇಳಿಸುವುದು ಒಂದು. ಜೋರು ಗಾಳಿಗೆ ರಟ್ಟೆ ಕಿತ್ತು ಬರುತ್ತದೆ, ಆದರೆ ಬಿಟ್ಟರೆ ಹಗ್ಗ ಸರ್ರನೆ ಓಡುತ್ತದೆ. ಗೋಲಿನ ನಡುವಿನಿಂದ ಆರು ರಾಟೆ ಸುತ್ತಿ ಇಳಿಸುವುದು ಇನ್ನೊಂದು. ಬಿರುಗಾಳಿಯಲ್ಲೂ ಎರಡೇ ಬೆರಳಲ್ಲಿ ಎಳೆಯಬಹುದು; ಗಾಳಿ ಸತ್ತಾಗ ಮಾತ್ರ ಬಿಟ್ಟ ಹಗ್ಗ ಅಲ್ಲೇ ಸಿಕ್ಕಿಕೊಂಡು ಕೂತುಬಿಡುತ್ತದೆ. ಸ್ಪರ್ಧೆಯ ವಾರ ಗಾಳಿ ಹೇಗಿರುತ್ತದೆಂದು ಶೆಡ್ಡಿನ ಗೋಡೆಯ ಮೇಲೆ ಅಕ್ಕ ಸೀಮೆಸುಣ್ಣದಲ್ಲಿ ವರ್ಷವರ್ಷವೂ ಬರೆದಿಟ್ಟಿದ್ದಳು. ಇಪ್ಪತ್ತಾರರಲ್ಲಿ ಇಪ್ಪತ್ತೆರಡು ಸಲ, ‘ಇಲ್ಲ’.

ಆದರೂ ಗಾಳಿ ಭೋರ್ಗರೆಯುತ್ತಿದ್ದ ಎರಡು ತಿಂಗಳು ನಾವು ಆರು ರಾಟೆಯಲ್ಲೇ ಅಭ್ಯಾಸ ಮಾಡಿದೆವು, ಅದೂ ಕಟ್ಟೆಯ ಮುಂದೆಯೇ. “ಆಹಾ, ಬೆಣ್ಣೆ ಎಳೆದಂಗಿದೆ ಕಣೋ” ಎಂದು ಅಕ್ಕ ಕಟ್ಟೆಗೆ ಕೇಳುವಂತೆ ಹೇಳುವಳು. ನಾನು ಬಿದ್ದ ಮೂರನೆಯ ದಿನ ಮೈದುನನ ದೋಣಿಯಲ್ಲೂ ಆರು ರಾಟೆಗಳು ಮಿರಮಿರ ಮಿಂಚಿದವು. ಅಕ್ಕ ಅವನ್ನು ನೋಡಿ, ಬಾಯಲ್ಲಿ ಸೂಜಿ ಇದ್ದಂತೆಯೇ ನಕ್ಕಳು. ನನಗೆ ಹೆದರಿಕೆಯಾಯಿತು.

ಸ್ಪರ್ಧೆಯ ಬೆಳಿಗ್ಗೆ ನೀರು ಕನ್ನಡಿಯಂತಿತ್ತು. ಎಲ್ಲರೂ ಆರಂಭದ ಗೆರೆಯತ್ತ ಹೋದಮೇಲೆ ಅಕ್ಕ ಆರು ರಾಟೆಯಿಂದ ಹಗ್ಗ ಸೆಳೆದು ತೆಗೆದು, ಹಿಂಬದಿಯ ಎರಡಕ್ಕೆ ಪೋಣಿಸಿದಳು. ನಾನು ಚಹಾ ಬಗ್ಗಿಸುವಷ್ಟು ಹೊತ್ತು ಸಾಕಾಯಿತು.

ತಿರುವಿನ ಗುರುತಿಗೆ ದೂರದಲ್ಲಿ ತೇಲಿಬಿಟ್ಟಿದ್ದ ಕಿತ್ತಳೆ ಪೀಪಾಯಿಯವರೆಗೆ ಮೈದುನನೇ ಮುಂದಿದ್ದ. ಅಲ್ಲಿ ತಿರುಗಿ ಹಾಯಿಯನ್ನು ಪೂರ್ತಿ ಹೊರಕ್ಕೆ ಬಿಡಬೇಕು. ಅವನು ಹಗ್ಗ ಬಿಟ್ಟ, ಹಾಯಿ ಹೋಗಲಿಲ್ಲ. ಎದ್ದು ಕಾಲಲ್ಲಿ ಗೋಲನ್ನು ಒದ್ದ. ಅದು ಒಂದು ಗೇಣು ಸರಿದು ನಿಂತಿತು. ಪಕ್ಕದಲ್ಲಿ ನಮ್ಮ ಹಗ್ಗ ಸರ್ರನೆ ಓಡಿತು. ನಂತರ ಒಂದೊಂದಾಗಿ ಏಳು ದೋಣಿಗಳು ಅವನನ್ನು ದಾಟಿದವು.

“ಅತ್ತಿಗೆ, ಇದೇನಿದು, ನಿಮ್ಮ ರಾಟೆ ಎಲ್ಲಿ?” ಎಂದು ಅವನು ಕೂಗಿದ. ಅಕ್ಕ ಹಗ್ಗವನ್ನು ಇನ್ನಷ್ಟು ಬಿಟ್ಟಳು.

ನಾವು ಎರಡನೆಯವರಾದೆವು. ಸಂಜೆ ಹದಿನೈದೂ ಜನ ಕಟ್ಟೆಯ ಮೇಲಿದ್ದಾಗ ಮೈದುನ, ಅಲ್ಲೇ ಹಾಯಿ ಹೊಲಿಯುತ್ತಿದ್ದ ಅಕ್ಕನ ಬಳಿ ಬಂದು ನಿಂತ. ಆ ಮಂದಿ ಚಹಾ ಕುಡಿಯುವುದನ್ನು ನಿಲ್ಲಿಸಿದರು.

“ಹೋಗ್ಲಿ ಅತ್ತಿಗೆ, ಮುಂದಿನ ವರ್ಷ ಹಗ್ಗ ಹೇಗೆ ಕಟ್ತೀರಿ?”

ಅಕ್ಕ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಳು.

“ಇನ್ನೂ ಯೋಚಿಸಿಲ್ಲಪ್ಪ. ನೀನು ಹೇಗೆ ಕಟ್ತೀಯ ನೋಡ್ಕೊಂಡು ಹೇಳ್ತೀನಿ.”